ಜೋಡಿ ದಾರಿಯಲ್ಲಿ ಬೆಳಕು

ಓದುಗರೇ, ಬೆಳಕಿನ ವಿಜ್ಞಾನವನ್ನು ಕುರಿತ ಮಾತುಕತೆಗೆ ಹಿನ್ನೆಲೆಯಾಗಿ ನಾಲ್ಕು ಪುಟ ಬರೆಯೋಣವೆಂದು ಕುಳಿತಾಗ ನನಗೆ ಮೊದಲು ನೆನಪಾದದ್ದು ನಾನೇ ಮಾಡಿದ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಶಾಲಾ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ನಿರ್ಮಿಸುತ್ತಿದ್ದೆ. ಸ್ಟುಡಿಯೋದಲ್ಲಿ ಎರಡು ಕಂಬಗಳ ನಡುವೆ ಬಿಗಿಯಾಗಿ ಹಗ್ಗ ಕಟ್ಟಿ, ಅದರಿಂದ ಒಂದೇ ಉದ್ದದ ಎರಡು ಲೋಲಕಗಳನ್ನು ಇಳಿಬಿಟ್ಟಿದ್ದೆವು. ಬಿ.ಎಸ್ಸಿ. ಓದಿದವರಿಗೆ ಈ ಪ್ರಯೋಗ ಪರಿಚಿತ. ಒಂದು ಲೋಲಕವನ್ನು ಸ್ವಲ್ಪ ಎಳೆದು ಬಿಟ್ಟರೆ ಅದು ತೂಗುತ್ತ ತೂಗುತ್ತ ಸೋಲುತ್ತದೆ. ಸುಮ್ಮನಿದ್ದ ಎರಡನೆಯದು ತೂಗತೊಡಗುತ್ತದೆ. ಮೊದಲನೆಯದು ಪೂರ್ತಿ ನಿಂತಾಗ ಎರಡನೆಯದು ಪೂರ್ತಿ ತೂಗುತ್ತಿರುತ್ತದೆ. ಆಮೇಲೆ ಅದೇ ಚಲನೆ ಹಿಂದಿರುಗಿ ಬರುತ್ತದೆ. ಹಗ್ಗದ ಮೂಲಕ ನಡೆಯುವ ಕೊಡುಕೊಳ್ಳುವಿಕೆ ಇದು.

ಮೊದಲ ಚಿತ್ರೀಕರಣ ಚೆನ್ನಾಗಿ ಬಂತು. ಆದರೆ ಕ್ಯಾಮೆರಾಗೆ ಚಲನೆ ಎದ್ದು ಕಾಣಲೆಂದು, ಲೋಲಕವನ್ನು ಇನ್ನಷ್ಟು ಎತ್ತಿ ಬಿಡುವಂತೆ ಹುಡುಗನಿಗೆ ಹೇಳಿದೆ. ಅವನು ಸುಮಾರು 60 ಡಿಗ್ರಿಯವರೆಗೆ ಎತ್ತಿ ಬಿಟ್ಟ. ಆಗ ಎರಡನೆಯ ಲೋಲಕ ಕೊಂಚ ಅಲುಗಿತೇ ಹೊರತು ತೂಗಲಿಲ್ಲ. ಮೊದಲನೆಯದೇ ತನ್ನ ಪಾಡಿಗೆ ತೂಗುತ್ತಲೇ ಇತ್ತು. "ಗಂಟು ಸಡಿಲಾಗಿದೆ, ನಿಲ್ಲಿಸಿ" ಎಂದೆ. ಗಂಟು ಬಿಗಿಮಾಡಿ ಮತ್ತೆ ಮೆಲ್ಲಗೆ ಬಿಡಿಸಿ, ಸರಿಯಾಗಿ ಬಂದದ್ದನ್ನು ಉಳಿಸಿಕೊಂಡು, ಕೆಟ್ಟದ್ದನ್ನು ಸಂಕಲನದಲ್ಲಿ ಕತ್ತರಿಸಿ ಹಾಕಿದೆ. ಗಂಟಿನಲ್ಲಿ ಏನೂ ತಪ್ಪಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ, ಬೆಳಕಿನ ಬಗ್ಗೆ ಓದುವಾಗ. ನಾನು ಕತ್ತರಿಸಿದ್ದು ಪ್ರಯೋಗದ ಸೋಲನ್ನಲ್ಲ, ಅದರ ಎರಡನೆಯ ಪಾಠವನ್ನು. ಆ ಪಾಠದ ಚರಿತ್ರೆಯೇ ಈ ಲೇಖನ.

ಗಡಿಯಾರಗಳ ಸಹವಾಸ

ಒಂದು ವಸ್ತು ಇನ್ನೊಂದರ ಕಂಪನಕ್ಕೆ ಸ್ಪಂದಿಸುವ ವಿಷಯವನ್ನು ಬರೆದಿಟ್ಟವರಲ್ಲಿ ಮುಖ್ಯನಾದವನು ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್. ಲೋಲಕದ ಗಡಿಯಾರವನ್ನು ರೂಪಿಸಿದವನೂ ಅವನೇ. 1665ರ ಫೆಬ್ರವರಿಯಲ್ಲಿ ಆರೋಗ್ಯ ಕೆಟ್ಟು ಮನೆಯಲ್ಲಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು ತಾವಾಗಿಯೇ ತಾಳ ಹೊಂದಿಸಿಕೊಳ್ಳುವುದನ್ನು ಅವನು ಕಂಡ. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ತಾಳ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು. ಇದಕ್ಕೆ ಕಾರಣ ಎರಡನ್ನೂ ಹೊತ್ತ ತೊಲೆಯ ಕಣ್ಣಿಗೆ ಕಾಣದ ಅಲುಗಾಟವೆಂದು ಅವನು ತಿಳಿದ.

ಬೆಳಕು ಅಲೆಯೆಂದು ವಾದಿಸಿದವನೂ ಇದೇ ಹೈಗೆನ್ಸ್. ಆದರೆ ತನ್ನ ಗಡಿಯಾರಗಳ ಗುಣವೇ ಮುಂದೊಂದು ದಿನ ಬೆಳಕಿನ ಅಲೆಗಳಲ್ಲೂ ಕಾಣಿಸಿಕೊಳ್ಳುವುದೆಂದು ಅವನು ಊಹಿಸುವಂತಿರಲಿಲ್ಲ. ಅದಕ್ಕೆ ಮೊದಲು ಬೆಳಕನ್ನು ದಾರಿಯೊಳಗೆ ಹಿಡಿದು ನಡೆಸುವುದು ಮನುಷ್ಯನಿಗೆ ಒಲಿಯಬೇಕಾಗಿತ್ತು.

ಗೆರೆ ದಾಟುವ ಬೆಳಕು

1841ರಲ್ಲಿ ಜಿನೀವಾದ ಡ್ಯಾನಿಯಲ್ ಕೊಲಾಡನ್ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹರಿಯುವುದನ್ನು ತೋರಿಸಿದ. 1854ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಾಲ್ ಅದನ್ನೇ ಸಭಿಕರೆದುರು ಪ್ರದರ್ಶಿಸಿದ. ಇದರ ಗುಟ್ಟು ನಾವು ಪ್ರೌಢಶಾಲೆಯಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ. ವಕ್ರೀಭವನ ಸೂಚ್ಯಂಕ ಹೆಚ್ಚಿರುವ ವಸ್ತುವಿನೊಳಗಿನ ಬೆಳಕು, ಸೂಚ್ಯಂಕ ಕಡಿಮೆಯಿರುವ ಗಡಿಗೆ ಓರೆಯಾಗಿ ತಾಗಿದರೆ ಹೊರಬೀಳದೆ ಒಳಕ್ಕೇ ಮರಳುತ್ತದೆ.

ಅಲ್ಲಿಂದ ದೂರಸಂಪರ್ಕಕ್ಕೆ ಬರಲು ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪಟ್ಟಣದಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಒಂದು ಗುರಿ ಹಾಕಿಕೊಟ್ಟರು: ಗಾಜಿನ ಎಳೆಯಲ್ಲಿ ಒಂದು ಕಿ.ಮೀ. ಸಾಗಿದ ಮೇಲೆ ಬೆಳಕಿನ ನೂರರಲ್ಲಿ ಒಂದು ಪಾಲಾದರೂ ಉಳಿದರೆ ಅದರ ಮೂಲಕ ಮಾತು ಕಳಿಸಬಹುದು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ ಆ ಗುರಿ ಮುಟ್ಟಿದರು. ಈಗಿನ ಉತ್ತಮ ಎಳೆಗಳಲ್ಲಿ ನೂರರಲ್ಲಿ ಒಂದು ಪಾಲಿಗೆ ಇಳಿಯಲು ಬೆಳಕು ಸುಮಾರು 100 ಕಿ.ಮೀ. ಸಾಗಬೇಕು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಈಗ ಗಮನವಿಟ್ಟು ಓದಿ. ಗಾಜಿನ ದಾರಿಯೊಳಗೆ ಬೆಳಕು ಇರುತ್ತದೆ ಎಂದೆವಲ್ಲ, ಅದು ಪೂರ್ತಿ ನಿಜವಲ್ಲ. ಅಲೆಯ ಒಂದಿಷ್ಟು ಅಂಚು ದಾರಿಯ ಗೆರೆ ದಾಟಿ ಹೊರಗೂ ಚಾಚಿರುತ್ತದೆ. ದೂರ ಹೋದಂತೆ ಅದು ಬೇಗ ಬೇಗ ಕ್ಷೀಣಿಸುತ್ತದೆ. ಆದರೆ ಕೆಲವೇ ಮೈಕ್ರಾನ್ ದೂರದಲ್ಲಿ ಅಂಥದೇ ಇನ್ನೊಂದು ದಾರಿ ಇದ್ದರೆ? ಅಂಚು ಅದನ್ನು ಮುಟ್ಟುತ್ತದೆ. ಅಲ್ಲಿಯೂ ಒಂದು ಅಲೆ ಏಳುತ್ತದೆ, ಬೆಳೆಯುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಳಕೆಲ್ಲ ಪಕ್ಕದ ದಾರಿಗೆ ಹೋಗಿರುತ್ತದೆ. ಇನ್ನಷ್ಟು ದೂರ ಹೋದರೆ ಮರಳಿ ಬರುತ್ತದೆ. ನಮ್ಮ ಹಗ್ಗದ ಲೋಲಕಗಳು ಕಾಲದಲ್ಲಿ ಮಾಡುವುದನ್ನು ಈ ಬೆಳಕು ದೂರದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪತ್ರಿಕೆಯಲ್ಲಿ ಸ್ಟ್ಯೂವರ್ಟ್ ಮಿಲ್ಲರ್ ಒಂದು ಕನಸನ್ನು ಬರೆದರು: ವಿದ್ಯುತ್ ಮಂಡಲಗಳಂತೆ ಬೆಳಕಿನ ಮಂಡಲಗಳನ್ನೂ ಒಂದೇ ಬಿಲ್ಲೆಯ ಮೇಲೆ ಅಚ್ಚುಹಾಕಬಹುದು. ಅದೇ ಸಂಚಿಕೆಯಲ್ಲಿ ಮಾರ್ಕಟಿಲಿ ಎಂಬ ಅವರ ಸಹೋದ್ಯೋಗಿ, ಅಕ್ಕಪಕ್ಕದ ಎರಡು ಚೌಕ ದಾರಿಗಳ ನಡುವೆ ಬೆಳಕು ಹೇಗೆ ದಾಟುತ್ತದೆ ಎಂಬುದರ ಲೆಕ್ಕ ಕೊಟ್ಟರು. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಮ್ನಾನ್ ಯಾರೀವ್ ಅವರ ತಂಡ ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯಲ್ಲಿ ಅಂಥ ದಾರಿಗಳನ್ನು ಮಾಡಿ ಬೆಳಕು ಪಕ್ಕದ ದಾರಿಗೆ ದಾಟುವುದನ್ನು ತೋರಿಸಿತು.

ಈ ದಾಟುವಿಕೆ ಪೂರ್ತಿಯಾಗಲು ಒಂದು ನಿಬಂಧನೆ ಇದೆ. ನಾಗರಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಜೋಕಾಲಿ ಹಿಂದೆ ಬಂದು ಮುಂದಕ್ಕೆ ಹೊರಟ ಗಳಿಗೆಗೆ ಸರಿಯಾಗಿ ಒಂದೊಂದೇ ಸಣ್ಣ ನೂಕು ಕೊಟ್ಟರೆ ಅದು ಮುಗಿಲು ಮುಟ್ಟುತ್ತದೆ. ನೂಕಿನ ಗಳಿಗೆ ತಪ್ಪಿದರೆ ಒಂದು ನೂಕು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಎರಡು ದಾರಿಗಳಲ್ಲೂ ಅಲೆಯ ನಡಿಗೆ ಒಂದೇ ವೇಗದ್ದಾಗಿದ್ದರೆ ನೂಕುಗಳೆಲ್ಲ ಕೂಡಿಕೊಳ್ಳುತ್ತವೆ. ವೇಗ ಬೇರೆಯಾದರೆ ಅಲ್ಪ ಪಾಲು ಮಾತ್ರ ದಾಟಿ ಹಿಂದಿರುಗುತ್ತದೆ.

ಅಳಿಸಿಹೋದ ಚುಕ್ಕೆ

ಇಲ್ಲಿಯವರೆಗಿನ ಕಥೆಯಲ್ಲಿ ಬೆಳಕು ಮಂದವಾಗಿರಲಿ, ಪ್ರಖರವಾಗಿರಲಿ, ನಡತೆ ಒಂದೇ. ಇಮ್ಮಡಿ ಹಾಕಿದರೆ ಇಮ್ಮಡಿ ಬರುತ್ತದೆ. ಇದನ್ನೇ ರೇಖೀಯ ನಡತೆ ಎನ್ನುವುದು. ಗಾಜಿಗೆ ಇದಕ್ಕಿಂತ ಬೇರೆ ಗುಣವೂ ಇದೆಯೆಂಬ ಸುಳಿವು ಸಿಕ್ಕಿದ್ದು 1875ರಲ್ಲಿ. ಗ್ಲ್ಯಾಸ್ಗೊ ನಗರದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಜಾನ್ ಕೆರ್, ಗಾಜಿನ ತುಂಡಿಗೆ ಬಲವಾದ ವಿದ್ಯುತ್ ಕ್ಷೇತ್ರ ಒಡ್ಡಿದರೆ ಅದರಲ್ಲಿ ಬೆಳಕು ಸಾಗುವ ರೀತಿಯೇ ಬದಲಾಗುವುದನ್ನು ಕಂಡ. ಬದಲಾವಣೆ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿತ್ತು.

ಬೆಳಕೂ ವಿದ್ಯುತ್ಕಾಂತ ಅಲೆಯೇ ತಾನೆ? ಹಾಗಾದರೆ ಸಾಕಷ್ಟು ಪ್ರಖರವಾದ ಬೆಳಕು ಹೊರಗಿನ ಬ್ಯಾಟರಿಯ ಹಂಗಿಲ್ಲದೆ ತಾನು ಸಾಗುವ ಗಾಜನ್ನು ತಾನೇ ಬದಲಿಸಬೇಕು. ಆದರೆ ಅಷ್ಟು ಪ್ರಖರ ಬೆಳಕು ಆಗ ಇರಲಿಲ್ಲ. 1960ರ ಮೇ 16ರಂದು ಥಿಯೊಡೊರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ ಮೇಲೆ ಆ ಬಾಗಿಲು ತೆರೆಯಿತು. ಮರುವರ್ಷವೇ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694 ನ್ಯಾನೊಮೀಟರ್ ಕೆಂಪು ಬೆಳಕನ್ನು ಸ್ಫಟಿಕದೊಳಗೆ ಹಾಯಿಸಿ, ಅದರ ಸರಿಯರ್ಧ ತರಂಗದೂರದ, ಅಂದರೆ 347 ನ್ಯಾನೊಮೀಟರಿನ ಅತಿನೇರಳೆ ಬೆಳಕನ್ನು ಪಡೆದರು. ಛಾಯಾಫಲಕದ ಮೇಲೆ ಅದೊಂದು ಸಣ್ಣ ಚುಕ್ಕೆಯಾಗಿ ಮೂಡಿತ್ತು. ಲೇಖನ ಅಚ್ಚಾಗಿ ಬಂದಾಗ ಚುಕ್ಕೆಯನ್ನು ತೋರಿಸುವ ಬಾಣದ ಗುರುತು ಇತ್ತು, ಚುಕ್ಕೆ ಇರಲಿಲ್ಲ. ಧೂಳಿನ ಕಣವೆಂದುಕೊಂಡು ಅಚ್ಚಿಗೆ ಮೊದಲು ಯಾರೋ ಅದನ್ನು ಅಳಿಸಿಬಿಟ್ಟರೆಂದು ಭೌತವಿಜ್ಞಾನಿಗಳು ಇಂದಿಗೂ ನಗುತ್ತ ಹೇಳುತ್ತಾರೆ. ಈ ಕಥೆ ಓದಿದಾಗ ನನಗೆ ಮಾತ್ರ ನಗು ಬರಲಿಲ್ಲ. ಸಂಕಲನದ ಮೇಜಿನ ಮುಂದೆ ಕೂತು ನಾನೂ ಒಂದು ಚುಕ್ಕೆ ಅಳಿಸಿದವನೇ.

1964ರಲ್ಲಿ ರೇಮಂಡ್ ಚಿಯಾವೊ, ಎಲ್ಸಾ ಗಾರ್ಮೈರ್ ಮತ್ತು ಚಾರ್ಲ್ಸ್ ಟೌನ್ಸ್, ತೀವ್ರವಾದ ಬೆಳಕು ತಾನು ಹಾಯುವ ಜಾಗದ ವಕ್ರೀಭವನ ಸೂಚ್ಯಂಕವನ್ನು ಏರಿಸಿ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳಬಲ್ಲದೆಂದು ಲೆಕ್ಕ ಹಾಕಿ ತೋರಿಸಿದರು. ಏರಿಕೆ ಎಷ್ಟು? ಸಾಮಾನ್ಯ ಗಾಜಿನ ಎಳೆಯಲ್ಲಿ 1 ವ್ಯಾಟ್ ಬೆಳಕು ಹರಿದರೆ ಸೂಚ್ಯಂಕ ಸಾವಿರ ಕೋಟಿಯಲ್ಲಿ ಸುಮಾರು 3 ಭಾಗದಷ್ಟು ಹೆಚ್ಚುತ್ತದೆ. ಇದೇನು ಲೆಕ್ಕ ಎನ್ನಬೇಡಿ. 1 ಕಿ.ಮೀ. ಸಾಗುವುದರೊಳಗೆ ಅಲೆಯ ಹೆಜ್ಜೆ ಇಷ್ಟರಿಂದಲೇ ಸುಮಾರು ಐದನೇ ಒಂದು ಸುತ್ತಿನಷ್ಟು ಹಿಂದೆ ಬೀಳುತ್ತದೆ. ಹನಿಗೂಡಿದರೆ ಹಳ್ಳ.

1982ರ ಲೆಕ್ಕ

ಈ ಎರಡು ಕಥೆಗಳು, ಅಂದರೆ ಪಕ್ಕದ ದಾರಿಗೆ ದಾಟುವ ಬೆಳಕು ಮತ್ತು ಗಾಜನ್ನು ಬದಲಿಸುವ ಬೆಳಕು, ಒಂದಾದದ್ದು 1982ರಲ್ಲಿ. ಅಮೆರಿಕದಲ್ಲಿ ಸ್ಟೀಫನ್ ಜೆನ್ಸನ್, ಸೋವಿಯತ್ ಒಕ್ಕೂಟದಲ್ಲಿ ಎ.ಎ. ಮಾಯರ್, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ, ಒಂದೇ ಪ್ರಶ್ನೆ ಕೇಳಿದರು. ಜೋಡಿ ದಾರಿಗಳಲ್ಲಿ ಒಂದಕ್ಕೆ ಮಾತ್ರ ಪ್ರಖರ ಬೆಳಕು ಹಾಕಿದರೆ ಏನಾಗುತ್ತದೆ?

ಉತ್ತರ ಹೀಗಿದೆ. ಬೆಳಕು ಮಂದವಾಗಿದ್ದರೆ ಯಥಾಪ್ರಕಾರ ಪಕ್ಕದ ದಾರಿಗೆ ಹೋಗುತ್ತದೆ. ಪ್ರಖರವಾದಂತೆ ಅದು ತಾನಿರುವ ದಾರಿಯ ಸೂಚ್ಯಂಕವನ್ನು ಏರಿಸುತ್ತದೆ. ಅಲ್ಲಿ ಅಲೆಯ ನಡಿಗೆ ನಿಧಾನವಾಗುತ್ತದೆ. ಪಕ್ಕದ ಖಾಲಿ ದಾರಿಯ ನಡಿಗೆ ಮೊದಲಿನಂತೆಯೇ ಇರುತ್ತದೆ. ಹೆಜ್ಜೆ ತಪ್ಪಿತು. ಜೋಕಾಲಿಯ ನೂಕುಗಳು ಒಂದನ್ನೊಂದು ಅಳಿಸತೊಡಗಿದವು. ದಾಟಲು ಬೇಕಾದ ದೂರ ಹಿಗ್ಗುತ್ತ ಹೋಗುತ್ತದೆ. ಒಂದು ಗೊತ್ತಾದ ಶಕ್ತಿಯ ಮಟ್ಟದಲ್ಲಿ ಬೆಳಕು ಎರಡೂ ದಾರಿಗಳಿಗೆ ಸಮನಾಗಿ ಹಂಚಿಕೊಂಡು ಅಲ್ಲೇ ನೆಲೆಸುವ ಸ್ಥಿತಿಗೆ ಬರುತ್ತದೆ. ಆ ಗಡಿಮಟ್ಟವನ್ನು ಮೀರಿದರೆ ಅರ್ಧದಷ್ಟೂ ದಾಟುವುದಿಲ್ಲ. ಬಹಳ ಮೀರಿದರೆ ಬಹುತೇಕ ಹೊಕ್ಕ ದಾರಿಯಲ್ಲೇ ಉಳಿದು ಹೊರಬರುತ್ತದೆ. ಬೇರೆ ಯಾವ ಕೀಲಿಯೂ ಇಲ್ಲದೆ, ಬೆಳಕು ತನ್ನ ಬಲದಿಂದಲೇ ತನ್ನ ದಾರಿಯನ್ನು ಆಯ್ದುಕೊಂಡಂತಾಯಿತು.

ನನ್ನ ಲೋಲಕ ಮಾಡಿದ್ದೂ ಇದನ್ನೇ. ಲೋಲಕದ ಆವರ್ತ ಕಾಲ ಅದು ಎಷ್ಟು ದೂರ ತೂಗುತ್ತದೆ ಎಂಬುದನ್ನು ಅವಲಂಬಿಸಿಲ್ಲ ಎಂದು ಪಾಠದಲ್ಲಿ ಓದುತ್ತೇವೆ. ಅದು ಸಣ್ಣ ಕೋನಗಳಿಗೆ ಮಾತ್ರ ಸಲ್ಲುವ ಮಾತು. 60 ಡಿಗ್ರಿಯಿಂದ ಬಿಟ್ಟ ಲೋಲಕ ಒಂದು ಸುತ್ತು ತೂಗಲು ಶೇಕಡಾ 7ರಷ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಸುಮ್ಮನಿದ್ದ ಜೊತೆಗಾರನ ತಾಳಕ್ಕೂ ಅದರ ತಾಳಕ್ಕೂ ಹೊಂದಿಕೆ ತಪ್ಪುತ್ತದೆ. ಹಗ್ಗದ ಬೆಸುಗೆ ಸಾಕಷ್ಟು ದುರ್ಬಲವಾಗಿದ್ದರೆ ಚಲನೆ ದಾಟಲಾರದು. ಗಂಟು ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ನನ್ನ ತಿಳಿವಳಿಕೆ.

ಆಸೆ ಮತ್ತು ಅಳತೆ

ಲೆಕ್ಕವೇನೋ ಆಯಿತು, ಕಣ್ಣಾರೆ ಕಾಣಬೇಡವೇ? 1987ರಲ್ಲಿ ಅಮೆರಿಕದ ಬೆಲ್ ಕಮ್ಯುನಿಕೇಷನ್ಸ್ ರಿಸರ್ಚ್ ಸಂಸ್ಥೆಯಲ್ಲಿ ಸ್ಟೀಫನ್ ಫ್ರೈಬರ್ಗ್, ಯಾರೋನ್ ಸಿಲ್ಬರ್‌ಬರ್ಗ್ ಮತ್ತಿತರರು ಒಂದೇ ಎಳೆಯೊಳಗೆ ಎರಡು ತಿರುಳುಗಳಿರುವ ಗಾಜಿನ ತಂತುವಿನಲ್ಲಿ ಇದನ್ನು ತೋರಿಸಿದರು. ಮರುವರ್ಷ 100 ಫೆಮ್ಟೊಸೆಕೆಂಡಿನ ಮಿಡಿತಗಳಿಂದಲೂ ತೋರಿಸಿದರು. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗ ಅದು. ಅಷ್ಟು ಹೊತ್ತಿನಲ್ಲಿ ಬೆಳಕೇ ತಲೆಗೂದಲಿನ ದಪ್ಪದಷ್ಟು ದೂರ ಹೋಗಲಾರದು.

ಆ ದಿನಗಳಲ್ಲಿ ಹುಟ್ಟಿದ ಆಸೆ ದೊಡ್ಡದು. ಟ್ರಾನ್ಸಿಸ್ಟರಿನ ಜಾಗದಲ್ಲಿ ಬೆಳಕಿನ ಕೀಲಿ, ವಿದ್ಯುತ್ ಗಣಕದ ಜಾಗದಲ್ಲಿ ಬೆಳಕಿನ ಗಣಕ! ಪತ್ರಿಕೆಗಳು ಬರೆದವು, ನಮ್ಮಂಥ ಮಾಧ್ಯಮದವರೂ ಧ್ವನಿಗೂಡಿಸಿದೆವು. ಆದರೆ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಕೀಸ್ 1985ರಲ್ಲಿಯೇ ಎಚ್ಚರಿಸಿದ್ದರು. ಗಣಕದ ಕೀಲಿಗೆ ವೇಗವೊಂದೇ ಸಾಲದು. ಒಂದರ ಉತ್ತರ ಇನ್ನೊಂದನ್ನು ನಡೆಸುವಷ್ಟು ಬಲವಾಗಿರಬೇಕು, ಸವೆದ ಸಂಕೇತವನ್ನು ಪ್ರತಿ ಹಂತದಲ್ಲೂ ನೇರ್ಪಡಿಸಬೇಕು, ಕೋಟ್ಯಂತರ ಭಾಗಗಳಲ್ಲಿ ಸಣ್ಣಪುಟ್ಟ ಏರುಪೇರಿದ್ದರೂ ಕೆಲಸ ಕೆಡಬಾರದು. ಈ ಅಳತೆಗೋಲಿನ ಮುಂದೆ ಜೋಡಿ ದಾರಿ ಸೋತಿತು. ಗಾಜಿನ ಸ್ಪಂದನೆ ಅತಿ ದುರ್ಬಲ. ಗಿಡ್ಡ ಎಳೆಯಲ್ಲಿ ಕೀಲಿ ತಿರುಗಬೇಕಾದರೆ ಮಿಡಿತದ ಶಿಖರದಲ್ಲಿ ಕಿಲೋವ್ಯಾಟ್‌ಗಟ್ಟಲೆ ಶಕ್ತಿ ಬೇಕು. ಇನ್ನೊಂದು ತೊಡಕು: ಮಿಡಿತದ ನಡುಭಾಗ ಪ್ರಖರ, ಅಂಚುಗಳು ಮಂದ. ನಡುಭಾಗ ಇದ್ದ ದಾರಿಯಲ್ಲೇ ಉಳಿದರೆ ಅಂಚುಗಳು ಪಕ್ಕಕ್ಕೆ ಹೋಗಿ ಮಿಡಿತವೇ ಹೋಳಾಗುತ್ತಿತ್ತು. 1989ರಲ್ಲಿ ಆಂಡ್ರ್ಯೂ ವೀನರ್ ಮತ್ತಿತರರು ಚೌಕಾಕಾರದ ಮಿಡಿತಗಳನ್ನು ರೂಪಿಸಿ ಇದನ್ನು ತಪ್ಪಿಸಿದರು. ತೊಡಕು ನೀಗಿದರೂ ಖರ್ಚು ನೀಗಲಿಲ್ಲ. ನಿಮ್ಮ ಮೇಜಿನ ಮೇಲಿನ ಗಣಕ ಇಂದಿಗೂ ಟ್ರಾನ್ಸಿಸ್ಟರಿನದೇ. ಮಂದ ಬೆಳಕಿನ ಜೋಡಿ ದಾರಿ ಮಾತ್ರ ಗೆದ್ದಿತು: ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಪುಟ್ಟ ಪೆಟ್ಟಿಗೆಗಳಲ್ಲಿ ಅದು ಸದ್ದಿಲ್ಲದೆ ದುಡಿಯುತ್ತಿದೆ.

ಎರಡರಿಂದ ಹಲವಕ್ಕೆ

ಕಥೆ ಇಲ್ಲಿಗೇ ಮುಗಿದಿದ್ದರೆ ಸೋತ ಯಂತ್ರವೊಂದರ ಕಥೆಯಾಗುತ್ತಿತ್ತು. 1988ರಲ್ಲಿ ಡೆಮೆಟ್ರಿಯೋಸ್ ಕ್ರಿಸ್ಟೊಡುಲೈಡಿಸ್ ಮತ್ತು ರಿಚರ್ಡ್ ಜೋಸೆಫ್ ಎರಡರ ಬದಲು ಸಾಲುಸಾಲಾಗಿ ಅನೇಕ ದಾರಿಗಳಿದ್ದರೆ ಏನಾಗುವುದೆಂದು ಕೇಳಿದರು. ಮಂದ ಬೆಳಕನ್ನು ನಡುವಿನ ದಾರಿಗೆ ಹಾಕಿದರೆ ಅದು ಎಡಬಲಕ್ಕೆ ಹರಡುತ್ತ ಹೋಗುತ್ತದೆ. ಪ್ರಖರ ಬೆಳಕು ಹರಡದೆ ಕೆಲವೇ ದಾರಿಗಳಲ್ಲಿ ಮುದುಡಿ ನಿಲ್ಲುತ್ತದೆ. ಕಾಲುವೆಯ ನೀರಿನಲ್ಲಿ ಆಕಾರ ಕೆಡದೆ ಸಾಗಿದ ಒಂಟಿ ಅಲೆಯನ್ನು ಜಾನ್ ಸ್ಕಾಟ್ ರಸೆಲ್ 1834ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಕುದುರೆಯ ಮೇಲೆ ಬೆನ್ನಟ್ಟಿ ಹೋಗಿದ್ದನಲ್ಲ, ಅದರ ದೂರದ ಬಂಧು ಇದು.

ಹತ್ತು ವರ್ಷಗಳ ನಂತರ, 1998ರಲ್ಲಿ, ಇಸ್ರೇಲಿನ ವೈಜ್‌ಮನ್ ಸಂಸ್ಥೆಗೆ ಬಂದಿದ್ದ ಸಿಲ್ಬರ್‌ಬರ್ಗ್, ಅವರ ವಿದ್ಯಾರ್ಥಿ ಐಸೆನ್‌ಬರ್ಗ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯ ಮೇಲಿನ ದಾರಿಗಳ ಸಾಲಿನಲ್ಲಿ ಇದನ್ನು ಕಂಡರು. ಈ ವಸ್ತುವಿನ ಸ್ಪಂದನೆ ಗಾಜಿಗಿಂತ ನೂರಾರು ಪಟ್ಟು ಹೆಚ್ಚು. ದಾರಿಗಳ ಉದ್ದ 6 ಮಿಲಿಮೀಟರ್. ಶಿಖರ ಶಕ್ತಿ 70 ವ್ಯಾಟ್ ಇದ್ದಾಗ ಬೆಳಕು ಅಗಲವಾಗಿ ಹರಡಿತ್ತು. 320 ವ್ಯಾಟಿಗೆ ಕುಗ್ಗತೊಡಗಿತು. 500 ವ್ಯಾಟಿಗೆ ನಡುವಿನಲ್ಲಿ ಒಂದೇ ಗುಡ್ಡೆಯಾಗಿ ನಿಂತಿತು. 2019ರಲ್ಲಿ ತೀರಿಕೊಂಡ ಸಿಲ್ಬರ್‌ಬರ್ಗ್ ಅವರ ಕೆಲಸಗಳಲ್ಲಿ ಇದು ಬಹಳ ದೊಡ್ಡದು.

ಇದೇ ಸಮೀಕರಣಗಳು ಬೇರೆ ಮನೆಗಳಲ್ಲೂ ಸಂಸಾರ ಹೂಡಿವೆ. 1986ರಲ್ಲಿ ಭಾರತ ಮೂಲದ ವಿ.ಎಂ. ಕೆಂಕ್ರೆ ಮತ್ತು ಡೇವಿಡ್ ಕ್ಯಾಂಬೆಲ್ ಅಣುಗಳ ಜೋಡಿಯಲ್ಲಿ ಶಕ್ತಿ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವುದನ್ನು ಇವುಗಳಿಂದಲೇ ವಿವರಿಸಿದರು. 2005ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ, ಬೋಸ್ ಮತ್ತು ಐನ್‌ಸ್ಟೈನರ ಹೆಸರು ಹೊತ್ತ ಅತಿಶೀತಲ ರುಬಿಡಿಯಂ ಪರಮಾಣುಗಳ ಗುಂಪು, ಎರಡು ಗುಂಡಿಗಳ ನಡುವೆ ಹೀಗೆಯೇ ದಾಟದೆ ನಿಂತದ್ದನ್ನು ಪ್ರಯೋಗದಲ್ಲಿ ಕಂಡರು.

ನಮ್ಮ ನಾಡಿಗೂ ಇಲ್ಲೊಂದು ನಂಟಿದೆ. 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್, ಶ್ರವಣಾತೀತ ಶಬ್ದದ ಅಲೆಗಳಿರುವ ದ್ರವದ ಮೂಲಕ ಹಾದ ಬೆಳಕು ಎಡಬಲಕ್ಕೆ ಹಲವು ಕಿರಣಗಳಾಗಿ ಒಡೆಯುವುದನ್ನು ಗಣಿತದಿಂದ ವಿವರಿಸಿದರು. ಯಾವ ಕಿರಣಕ್ಕೆ ಎಷ್ಟು ಪಾಲು ಎಂಬುದನ್ನು ಹೇಳುವುದು ಬೆಸೆಲ್ ಫಲನಗಳು. ಸಾಲುದಾರಿಗಳಲ್ಲಿ ಮಂದ ಬೆಳಕು ಹರಡುವಾಗ ಯಾವ ದಾರಿಗೆ ಎಷ್ಟು ಪಾಲು ಎಂಬುದನ್ನು ಹೇಳುವುದೂ ಅವೇ. ಅಲ್ಲಿ ಪಕ್ಕದ ಕಿರಣಕ್ಕೆ, ಇಲ್ಲಿ ಪಕ್ಕದ ದಾರಿಗೆ. ದಾಟುವ ಕ್ರಮ ಒಂದೇ. 1998ರ ಚಿತ್ರದಲ್ಲಿ 70 ವ್ಯಾಟಿನಲ್ಲಿ ಹರಡಿದ ಬೆಳಕಿನ ಲೆಕ್ಕವನ್ನು ಬಲ್ಲ ಗಣಿತ ಅರವತ್ತು ವರ್ಷ ಮೊದಲೇ ಬೆಂಗಳೂರಿನಲ್ಲಿ ಬಳಕೆಯಲ್ಲಿತ್ತು.

ಓದುಗರೇ, ಕೊನೆಯದಾಗಿ ಒಂದು ವಿನಂತಿ. ಮನೆಯಲ್ಲಿ ಮಕ್ಕಳಿದ್ದರೆ ಎರಡು ಕಿಟಕಿ ಸರಳುಗಳ ನಡುವೆ ಒಂದು ಹಗ್ಗವನ್ನು ಚೆನ್ನಾಗಿ ಬಿಗಿದು ಕಟ್ಟಿ. ಅದರಿಂದ ಮೊಳದುದ್ದದ ಎರಡು ದಾರಗಳಲ್ಲಿ ಒಂದೇ ತೂಕದ ಎರಡು ಕಬ್ಬಿಣದ ನಟ್ಟುಗಳನ್ನು ಇಳಿಬಿಡಿ. ಹಗ್ಗಕ್ಕೆ ಅಡ್ಡಲಾಗಿ ಒಂದನ್ನು ಮೊದಲು ಮೆಲ್ಲಗೆ ತೂಗಿಸಿ, ಚಲನೆ ದಾಟುವುದನ್ನು ತೋರಿಸಿ. ಆಮೇಲೆ ಎತ್ತರದಿಂದ ಬಿಡಿ. ದಾಟಿದರೆ ಹಗ್ಗವನ್ನು ಇನ್ನಷ್ಟು ಬಿಗಿಮಾಡಿ, ಬೆಸುಗೆ ದುರ್ಬಲವಾಗುತ್ತದೆ. ದಾಟದೆ ನಿಂತಾಗ ನಿಲ್ಲಿಸಬೇಡಿ, ಕಾಯಿರಿ. ಗಾಳಿಯ ತಡೆಯಿಂದ ತೂಗಾಟ ತಗ್ಗುತ್ತ ಬಂದು ಒಂದು ಗಡಿ ಇಳಿದ ಮೇಲೆ, ಅಲ್ಲಿಯವರೆಗೆ ಸುಮ್ಮನಿದ್ದ ಲೋಲಕ ತೂಗತೊಡಗುತ್ತದೆ. ಅಂದು ಸ್ಟುಡಿಯೋದಲ್ಲಿ ನಾನು ಇನ್ನೊಂದೆರಡು ನಿಮಿಷ ಕ್ಯಾಮೆರಾ ಓಡಲು ಬಿಟ್ಟಿದ್ದರೆ ಅದೂ ದಾಖಲಾಗುತ್ತಿತ್ತು. ನಾನು ಕಳೆದದ್ದನ್ನು ನೀವು ನಿಮ್ಮ ಕಿಟಕಿಯಲ್ಲಿ ಕಂಡರೆ ನನ್ನ ತಪ್ಪು ಅರ್ಧ ತಿದ್ದಿದಂತಾಯಿತು.